ಹೂಳು ಹೊಡೆಸ್ಲಾ, ಬೇಡ್ವಾ? ತುಂಗೆಯ ಕೆಸರು, ಅಡಿಕೆ ಚೊಗರು ಮತ್ತು ಪ್ಲಾಸ್ಟಿಕ್

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಳ್ಳಲಾಗಿದೆ.)

ಇವತ್ತಿನ ವಿಷಯ ಕೆಸರು. ನಗಬೇಡಿ, ಇಪ್ಪತ್ತು ನಿಮಿಷ ನಾನು ಕೆಸರಿನ ಬಗ್ಗೆನೇ ಮಾತಾಡೋದು.

ಈ ಸಂಚಿಕೆ ಶುರುವಾಗಿದ್ದು ಒಂದು ಫೋನ್ ಕಾಲ್‌ನಿಂದ. ನಮ್ಮ ಚಿಕ್ಕಪ್ಪನಿಗೆ ಭದ್ರಾವತಿ ಹತ್ತಿರದ ಹಳ್ಳಿಯಲ್ಲಿ ಸ್ವಲ್ಪ ಅಡಿಕೆ ತೋಟ ಇದೆ. ಬೇಸಿಗೆಯಲ್ಲಿ ಊರ ಕೆರೆ ಹೂಳು ತೆಗೀತಿದ್ರಂತೆ. ಟ್ರ್ಯಾಕ್ಟರ್ ಲೋಡ್ ಲೆಕ್ಕದಲ್ಲಿ ಸಿಗ್ತಾ ಇತ್ತು. ಫೋನ್ ಮಾಡಿ ಕೇಳಿದ್ರು: "ನೀನು ಅದೇನೋ ಪ್ಲಾಸ್ಟಿಕ್ ಬಗ್ಗೆ ಓದ್ತಿರ್ತೀಯಲ್ಲ ಮಾರಾಯ. ಈ ಕೆರೆ ಗೋಡು ತೋಟಕ್ಕೆ ಹೊಡೆಸ್ಲಾ, ಬೇಡ್ವಾ? ಹೂಳಲ್ಲಿ ಬರೀ ಕವರ್ ಚೂರೇ ಕಾಣ್ತಿದೆ."

ನಾನು ತಕ್ಷಣ "ಹೊಡೆಸಿ" ಅಂತಲೂ ಹೇಳ್ಲಿಲ್ಲ, "ಬೇಡ" ಅಂತಲೂ ಹೇಳ್ಲಿಲ್ಲ. "ಎರಡು ದಿನ ಟೈಮ್ ಕೊಡಿ ಚಿಕ್ಕಪ್ಪ" ಅಂದೆ. ಆ ಎರಡು ದಿನ ಎರಡು ತಿಂಗಳಾಯ್ತು. ಈ ಸಂಚಿಕೆ ಅವರಿಗೆ ಕೊಡಬೇಕಾದ ಉತ್ತರ ಅಂತಲೇ ಇಟ್ಕೊಳ್ಳಿ.

ಗೋಡು ಅಂದ್ರೆ ಬರೀ ಮಣ್ಣಲ್ಲ

ಮೊದಲು ಗೋಡು ಅಂದ್ರೆ ಏನು ಅಂತ ನೋಡೋಣ. ಕೆರೆ, ಹೊಳೆ, ಡ್ಯಾಮಿನ ತಳದಲ್ಲಿ ಕೂರೋ ನುಣುಪು ಮಣ್ಣು. ನಮ್ಮ ಹಿರಿಯರು ಅದನ್ನ ಬಂಗಾರದ ಥರ ತೋಟಕ್ಕೆ ಹೊತ್ತಿದ್ದಾರೆ. ಯಾಕೆ? ಅದರಲ್ಲಿ ಜೇಡಿ ಇರುತ್ತೆ, ಜೊತೆಗೆ ಕೊಳೆತ ಎಲೆ, ಬೇರು, ಸೊಪ್ಪು, ಸತ್ತ ಪಾಚಿ, ಸಗಣಿ, ಮರದ ತೊಗಟೆ ಎಲ್ಲ ಸೇರಿ ಆದ ಕಪ್ಪು ಸಾರ ಇರುತ್ತೆ. ಇದನ್ನೇ ವಿಜ್ಞಾನಿಗಳು ನೈಸರ್ಗಿಕ ಸಾವಯವ ಪದಾರ್ಥ ಅಂತಾರೆ. ಇವತ್ತು ನಾನು ಸುಲಭಕ್ಕೆ "ಸಾರ" ಅಂತಲೇ ಕರೀತೀನಿ.

ಮಲೆನಾಡಿನ ಹೊಳೆಗಳಿಗೆ ಈ ಸಾರ ಧಾರಾಳ. ತುಂಗೆ, ಭದ್ರೆ ಎರಡೂ ಹುಟ್ಟೋದು ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ಕಾಡಿನ ತರಗೆಲೆ ಮೇಲೆ ಬಿದ್ದ ಮಳೆ ಎಲೆಗಳ ಕಷಾಯ ಇಳಿಸ್ಕೊಂಡೇ ಹೊಳೆ ಸೇರುತ್ತೆ. ತುಂಗೆ ಗಾಜನೂರಿನ ಅಣೆಕಟ್ಟಲ್ಲಿ ನಿಂತು, ಸಕ್ರೆಬೈಲಿನ ಆನೆಗಳಿಗೆ ಸ್ನಾನ ಮಾಡಿಸಿ, ಶಿವಮೊಗ್ಗ ಪೇಟೆಗೆ ಬರ್ತಾಳೆ. ಭದ್ರೆ ಲಕ್ಕವಳ್ಳಿಯ 71.5 ಟಿಎಂಸಿ ಡ್ಯಾಮ್ ದಾಟಿ ಭದ್ರಾವತಿಗೆ ಬರ್ತಾಳೆ. ಇಬ್ಬರೂ ಕೂಡೋದು ಕೂಡಲಿಯಲ್ಲಿ. ಆಮೇಲೆ ತುಂಗಭದ್ರೆ.

ಈಗ ಈ ಸಾರಕ್ಕೆ ಒಬ್ಬ ಹೊಸ ನೆಂಟ ಬಂದಿದ್ದಾನೆ. 5 ಮಿಲಿಮೀಟರ್‌ಗಿಂತ ಸಣ್ಣ ಪ್ಲಾಸ್ಟಿಕ್ ಚೂರು, ಅಂದ್ರೆ ಮೈಕ್ರೋಪ್ಲಾಸ್ಟಿಕ್. 2004ರಲ್ಲಿ ಬ್ರಿಟನ್ನಿನ ರಿಚರ್ಡ್ ಥಾಮ್ಸನ್ ಮತ್ತು ಸಂಗಡಿಗರು ಸಮುದ್ರದಲ್ಲಿ ಕಳೆದುಹೋದ ಪ್ಲಾಸ್ಟಿಕ್ ಎಲ್ಲಿಗೆ ಹೋಯ್ತು ಅಂತ ಹುಡುಕಿದ ಮೇಲೆ ಈ ಮಾತು ಎಲ್ಲರ ಬಾಯಿಗೂ ಬಂತು. ಆದ್ರೆ ಕಥೆ ಸಮುದ್ರದ್ದು ಮಾತ್ರ ಅಲ್ಲ. ಘಟ್ಟದ ಆ ಕಡೆ, ದಕ್ಷಿಣ ಕನ್ನಡದ ನೇತ್ರಾವತಿಯಲ್ಲಿ ಮಣಿಪಾಲದ ಸಂಶೋಧಕರು ಮೇಲಿಂದ ಕೆಳಗಿನವರೆಗೆ ಮಾದರಿ ತೆಗೆದು 2020ರಲ್ಲಿ ಪ್ರಕಟಿಸಿದ್ರು. ನದಿಯ ಕೆಸರಲ್ಲಿ ಸರಾಸರಿ ಕೆಜಿಗೆ 96 ಚೂರು, ದಡದ ಮಣ್ಣಲ್ಲಿ ಕೆಜಿಗೆ ಸುಮಾರು 84 ಚೂರು ಸಿಕ್ಕಿತ್ತು. ನೇತ್ರಾವತಿ ದಡದಲ್ಲಿ ಇರೋರೂ ನಮ್ಮಂಥೋರೇ. ಅದೇ ಹಾಲಿನ ಪ್ಯಾಕೆಟ್, ಅದೇ ಶಾಂಪೂ ಸ್ಯಾಷೆ, ಅದೇ ಅಡಿಕೆ ತೋಟ.

ತೇಲಬೇಕಾದ್ದು ಮುಳುಗೋದು ಹೇಗೆ?

ಇಲ್ಲಿ ಒಂದು ಒಗಟು. ಪಾಲಿಥೀನ್ ಕವರ್ ನೀರಲ್ಲಿ ತೇಲುತ್ತೆ, ಇದು ನಿಮಗೂ ಗೊತ್ತು. ನೀರಿನ ಸಾಂದ್ರತೆ 1 ಅಂತ ಇಟ್ಕೊಂಡ್ರೆ ಪಾಲಿಥೀನ್‌ದು 0.91ರಿಂದ 0.97. ಗೊಬ್ಬರದ ಚೀಲ ನೇಯೋ ಪಾಲಿಪ್ರೊಪಿಲೀನ್‌ದು ಸುಮಾರು 0.9. ಎರಡೂ ತೇಲಬೇಕು. ನೀರಿನ ಬಾಟಲಿ ಮಾಡೋ ಪೆಟ್ ಮುಳುಗುತ್ತೆ, ಅದರದ್ದು 1.38. ಪೈಪು ಮಾಡೋ ಪಿವಿಸಿನೂ ಮುಳುಗುತ್ತೆ. ಸರಿ. ಹಾಗಾದ್ರೆ ಚಿಕ್ಕಪ್ಪನ ಕೆರೆಯ ತಳದ ಹೂಳಲ್ಲಿ ಕವರ್ ಚೂರು ಯಾಕೆ?

ಉತ್ತರ ನಮ್ಮ ಅಡಿಕೆ ಮನೆಯಲ್ಲೇ ಇದೆ. ಅದರ ಹೆಸರು ಚೊಗರು.

ಪೇಟೆ ಹುಡುಗರಿಗೆ ಒಂದ್ ಮಾತು: ಹಸಿ ಅಡಿಕೆ ಸುಲಿದು ಹಂಡೆಯಲ್ಲಿ ಬೇಯಿಸ್ತಾರೆ. ಬೆಂದ ನೀರು ಕೆಂಪಗೆ, ಒಗರಾಗಿ, ಗಟ್ಟಿ ಆಗುತ್ತೆ. ಅದೇ ಚೊಗರು. ಬೇಯಿಸಿದ ಅಡಿಕೆಗೆ ಅದನ್ನ ಬಳಿದು ಒಣಗಿಸಿದ್ರೆ ಹೊಳಪಿನ ಕೆಂಪು ಬಣ್ಣ ಬರುತ್ತೆ. ಕೈಗೆ ತಾಗಿದ್ರೆ ವಾರ ಹೋಗಲ್ಲ. ಬಟ್ಟೆಗೆ ಬಣ್ಣ ಹಾಕೋಕೂ ಬಳಸ್ತಾರೆ. ಯಾಕೆ ಅಷ್ಟು ಅಂಟುತ್ತೆ? ಅದರಲ್ಲಿರೋ ಟ್ಯಾನಿನ್‌ನಿಂದ. ಗಿಡದಿಂದ ಬರೋ ದೊಡ್ಡ ಅಣು ಅದು, ಮೈತುಂಬ ಅಂಟೋ ಕೈಗಳು.

ಹೊಳೆ ನೀರಿನ ಸಾರವೂ ಇದೇ ಬಳಗದ್ದು. ಎಲೆ, ತೊಗಟೆ ಕೊಳೆತು ಬಂದ ಟ್ಯಾನಿನ್, ಲಿಗ್ನಿನ್, ಹ್ಯೂಮಿಕ್ ಪದಾರ್ಥಗಳು. ಇವುಗಳ ಒಂದು ಭಾಗಕ್ಕೆ ಎಣ್ಣೆ ಗುಣ, ಇನ್ನೊಂದು ಭಾಗಕ್ಕೆ ನೀರಿನ ಗುಣ. ಎಣ್ಣೆ ಗುಣದ ಕಡೆ ಪ್ಲಾಸ್ಟಿಕ್‌ಗೆ ಅಂಟುತ್ತೆ, ನೀರಿನ ಗುಣದ ಕಡೆ ಹೊರಗೆ ಚಾಚಿರುತ್ತೆ. ಹೊಳೆಗೆ ಬಿದ್ದ ಪ್ಲಾಸ್ಟಿಕ್ ಚೂರಿನ ಮೇಲೆ ಸ್ವಲ್ಪ ಹೊತ್ತಿನಲ್ಲೇ ಇಂಥ ಒಂದು ತೆಳು ಪದರ ಕೂರುತ್ತೆ. ಅಂದ್ರೆ ಹೊಳೆ ಪ್ಲಾಸ್ಟಿಕ್‌ಗೆ ಚೊಗರು ಬಳಿಯುತ್ತೆ. ಅಲ್ಲಿಂದ ಮುಂದೆ ಹೊಳೆಗೆ ಎದುರಾಗೋದು ಆ ಪ್ಲಾಸ್ಟಿಕ್ಕಿನ ಮೈ ಅಲ್ಲ, ಅದರ ಮೇಲಿರೋ ಚೊಗರಿನ ಅಂಗಿ.

ಬಿಸಿಲು ಇದಕ್ಕೆ ಇನ್ನಷ್ಟು ಸಹಾಯ ಮಾಡುತ್ತೆ. ಬೇಸಿಗೆಯಲ್ಲಿ ದಡದಲ್ಲಿ ಒಣಗಿ ಬಿದ್ದ ಕವರ್ ಮುಟ್ಟಿದ್ರೆ ಪುಡಿ ಪುಡಿ ಆಗುತ್ತಲ್ಲ, ಆಗ ಅದರ ಮೇಲ್ಮೈಗೆ ಆಮ್ಲಜನಕ ಸೇರಿರುತ್ತೆ, ಬಿರುಕು ಬಿದ್ದಿರುತ್ತೆ. ಹೊಸ ಕವರಿಗಿಂತ ಇಂಥ ಹಳೇ ಚೂರಿಗೆ ಸಾರ, ಲೋಹ, ಜೇಡಿ ಹೆಚ್ಚು ಸುಲಭವಾಗಿ ಅಂಟುತ್ತೆ.

ಮುಂದಿನ ಹಂತ ಸೂಕ್ಷ್ಮಜೀವಿಗಳದ್ದು. ಸಾರ ಅಂದ್ರೆ ಅವಕ್ಕೆ ಊಟ. ಬಂದು ಕೂತು ಲೋಳೆ ಕಟ್ತಾವೆ. ಆ ಲೋಳೆಗೆ ಜೇಡಿ ಕಣ ಅಂಟುತ್ತೆ. ಈಗ ಒಂದು ಸಣ್ಣ ಲೆಕ್ಕ ಮಾಡೋಣ. ಮಣ್ಣಿನ ಖನಿಜದ ಸಾಂದ್ರತೆ ಸುಮಾರು 2.65. ಪಾಲಿಥೀನ್‌ದು 0.92 ಅಂತ ಹಿಡೀರಿ. ಎರಡೂ ಸೇರಿ 1 ದಾಟೋಕೆ ಎಷ್ಟು ಮಣ್ಣು ಬೇಕು? ಗಾತ್ರದಲ್ಲಿ ಸುಮಾರು ನೂರಕ್ಕೆ 5 ಪಾಲು ಸಾಕು. ಇಪ್ಪತ್ತರಲ್ಲಿ ಒಂದು ಪಾಲು ಜೇಡಿ ಅಂಟಿದ್ರೆ ತೇಲೋ ಪಾಲಿಥೀನ್ ಮುಳುಗುತ್ತೆ. ಚಿಕ್ಕಪ್ಪನ ಒಗಟಿಗೆ ಉತ್ತರ ಸಿಕ್ತು.

ಅಂಟಿಸೋದೂ ಅದೇ, ಬಿಡಿಸೋದೂ ಅದೇ

ಆದ್ರೆ ತಡೀರಿ. ಕಥೆ ಇಷ್ಟು ಸರಳ ಆಗಿದ್ರೆ ಚೆನ್ನಾಗಿರ್ತಿತ್ತು. ಇದೇ ಸಾರ ಕೆಲವೊಮ್ಮೆ ಪ್ಲಾಸ್ಟಿಕ್ಕನ್ನ ಮುಳುಗೋಕೂ ಬಿಡಲ್ಲ.

ಸಾರದ ಹೊರಚಾಚಿದ ಕೈಗಳಲ್ಲಿ ಋಣ ವಿದ್ಯುದಂಶ ಇರುತ್ತೆ. ಎರಡು ಚೂರು ಹತ್ತಿರ ಬಂದ್ರೆ ಒಂದನ್ನೊಂದು ತಳ್ತಾವೆ. ಮ್ಯಾಗ್ನೆಟ್‌ನ ಒಂದೇ ತುದಿಗಳು ತಳ್ಳಿದ ಹಾಗೆ. ಹಾಗಾಗಿ ತೀರಾ ನುಣುಪು ಚೂರುಗಳು ಗುಂಪು ಕಟ್ಟದೆ, ನೀರಲ್ಲಿ ಬಿಡಿ ಬಿಡಿಯಾಗಿ ತೇಲ್ತಾ ದೂರ ಹೋಗ್ತಾವೆ.

ಇದನ್ನ ತಪ್ಪಿಸೋದು ಯಾರು? ಕ್ಯಾಲ್ಸಿಯಂ. ಅದಕ್ಕೆ ಧನ ವಿದ್ಯುದಂಶ, ಅದೂ ಎರಡೆರಡು. ಒಂದು ಕೈಯಲ್ಲಿ ಈ ಚೂರಿನ ಸಾರ, ಇನ್ನೊಂದು ಕೈಯಲ್ಲಿ ಆ ಚೂರಿನ ಸಾರ ಹಿಡ್ಕೊಂಡು ಸೇತುವೆ ಕಟ್ಟುತ್ತೆ. ಗಡಸು ನೀರಲ್ಲಿ ಈ ಸೇತುವೆಗಳು ಜಾಸ್ತಿ, ಚೂರುಗಳು ಗಂಟು ಕಟ್ಟಿ ಬೇಗ ತಳ ಸೇರ್ತಾವೆ. ಮೆದು ನೀರಲ್ಲಿ ಸೇತುವೆ ಕಮ್ಮಿ.

"ಗಂಗಾ ಸ್ನಾನ, ತುಂಗಾ ಪಾನ" ಅಂತ ಗಾದೆ ಇದೆಯಲ್ಲ. ತುಂಗೆಯ ನೀರು ಕುಡಿಯೋಕೆ ಸಿಹಿ ಅಂತ. ಘಟ್ಟದ ಗಟ್ಟಿ ಕಲ್ಲಿನ ಮೇಲೆ ಹರಿದು ಬರೋ ನೀರಲ್ಲಿ ಕರಗಿದ ಲವಣ ಕಮ್ಮಿ, ಮೆದು ನೀರು. ಈಗ ಕೂಡಿಸಿ ನೋಡಿ: ಕಾಡಿನ ಸಾರ ಹೆಚ್ಚು, ಕ್ಯಾಲ್ಸಿಯಂ ಕಮ್ಮಿ. ನುಣುಪು ಪ್ಲಾಸ್ಟಿಕ್ ದೂರ ಪ್ರಯಾಣ ಮಾಡೋಕೆ ಹೇಳಿ ಮಾಡಿಸಿದ ನೀರು. ಪೇಟೆ ದಾಟಿದ ಮೇಲೆ? ಬಚ್ಚಲ ನೀರು, ಸೋಪಿನ ನೀರು, ಚರಂಡಿ, ಲವಣ ಎಲ್ಲ ಸೇರುತ್ತೆ. ಅಲ್ಲಿ ಗಂಟು ಕಟ್ಟೋಕೆ ಅನುಕೂಲ ಹೆಚ್ಚು. ಸಿಹಿ ನೀರಿನ ಗುಣಾನೂ, ಕೊಳಕು ನೀರಿನ ಗುಣಾನೂ ಪ್ಲಾಸ್ಟಿಕ್‌ಗೆ ಬೇರೆ ಬೇರೆ ರೀತಿಯಲ್ಲಿ ದಾರಿ ತೋರಿಸ್ತಾವೆ.

ಭದ್ರಾವತಿ ಅಂದ್ರೆ ಕಬ್ಬಿಣ, ಮರ, ಕಾಗದ

ಇನ್ನೊಬ್ಬ ಪಾತ್ರಧಾರಿ ಬಾಕಿ ಇದ್ದಾನೆ. ಕಬ್ಬಿಣ.

ಭದ್ರಾವತಿ ಹುಡುಗರಿಗೆ ಕಬ್ಬಿಣದ ಬಗ್ಗೆ ಪಾಠ ಮಾಡೋಕೆ ನಾನ್ಯಾರು! 1923ರಲ್ಲಿ ಅಲ್ಲಿ ಕುಲುಮೆ ಹತ್ತಿದ್ದು, ಸರ್ ಎಂ. ವಿಶ್ವೇಶ್ವರಯ್ಯನವರು ಕಾರ್ಖಾನೆಯನ್ನ ನಡೆಸಿದ್ದು, ಕೆಮ್ಮಣ್ಣುಗುಂಡಿಯಿಂದ ಅದಿರು ಬರ್ತಿದ್ದದ್ದು, ಕಾಡಿನ ಮರ ಸುಟ್ಟ ಇದ್ದಿಲಿಂದ ಕಬ್ಬಿಣ ಕರಗಿಸ್ತಿದ್ದದ್ದು ನಿಮ್ಮ ಅಜ್ಜಂದಿರು ಹೇಳಿರ್ತಾರೆ. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಬಂತು. ಕಾಗದ ಮಾಡೋದು ಅಂದ್ರೇನು? ಬಿದಿರು, ಮರದ ತಿರುಳಿಂದ ಲಿಗ್ನಿನ್ ಅನ್ನೋ ಅಂಟನ್ನ ಬೇರೆ ಮಾಡಿ ನಾರು ಉಳಿಸ್ಕೊಳ್ಳೋದು. ಅದೇ ಲಿಗ್ನಿನ್ ಕಾಡಲ್ಲಿ ನಿಧಾನವಾಗಿ ಕೊಳೆತು ಹೊಳೆ ಸೇರೋ ಸಾರದ ಒಂದು ಮುಖ್ಯ ಭಾಗ. ಒಂದು ಊರಿನ ನೂರು ವರ್ಷದ ಕಥೆ ಪೂರ್ತಿ ಕಬ್ಬಿಣ ಮತ್ತು ಮರದ ಇಂಗಾಲದ್ದು. ನಮ್ಮ ಕೆಸರಿನ ಕಥೆನೂ ಅದೇ.

ಕೆಮ್ಮಣ್ಣು ಕೆಂಪಗಿರೋದು ಕಬ್ಬಿಣದ ತುಕ್ಕಿನಿಂದ. ಸಾಮಾನ್ಯ ನೀರಲ್ಲಿ ಈ ತುಕ್ಕಿನ ಕಣಗಳಿಗೆ ಧನ ವಿದ್ಯುದಂಶ. ಸಾರ ಬಳಿದ ಪ್ಲಾಸ್ಟಿಕ್‌ಗೆ ಋಣ. ಎರಡೂ ಸೆಳ್ಕೊಂಡು ಅಂಟ್ತಾವೆ. ಮಳೆಗಾಲದಲ್ಲಿ ಹೊಳೆ ಕೆಂಪಾಗಿ ಹರಿಯುವಾಗ ನೀವು ನೋಡ್ತಿರೋದು ಇಂಥ ಕೋಟಿ ಕೋಟಿ ಕಣಗಳ ಮೆರವಣಿಗೆ. ಅದರಲ್ಲಿ ಒಂದಷ್ಟು ಪ್ಲಾಸ್ಟಿಕ್ಕನ್ನ ಹೆಗಲ ಮೇಲೆ ಹೊತ್ಕೊಂಡು ತಳ ಸೇರುತ್ತೆ.

ತಳ ಸೇರಿದ ಮೇಲೆ ಸುಮ್ನಿರುತ್ತಾ? ಚರಂಡಿ ಸೇರೋ ಜಾಗದಲ್ಲಿ ಕೆಸರಿಗೆ ಕೋಲು ಹಾಕಿ ಕೆದಕಿ ನೋಡಿ. ಮೇಲೆ ಕಂದು, ಒಳಗೆ ಕಪ್ಪು, ಕೊಳೆತ ಮೊಟ್ಟೆ ವಾಸನೆ. ಅಲ್ಲಿ ಆಮ್ಲಜನಕ ಇಲ್ಲ. ಅಲ್ಲಿನ ಬ್ಯಾಕ್ಟೀರಿಯಾಗಳು ಆಮ್ಲಜನಕದ ಬದಲು ತುಕ್ಕನ್ನೇ ಬಳಸಿ ಉಸಿರಾಡ್ತಾವೆ. ತುಕ್ಕು ಕರಗಿ ನೀರಿಗಿಳಿಯುತ್ತೆ. ಅದು ಹಿಡಿದಿಟ್ಟಿದ್ದ ಸಾರ ಬಿಡುಗಡೆ ಆಗುತ್ತೆ, ಜೊತೆಗೆ ಅಂಟಿದ್ದ ಚೂರುಗಳೂ ಸಡಿಲ ಆಗಬಹುದು. ಅಂದ್ರೆ ಕೆಸರು ಬೀಗ ಹಾಕಿದ ಪೆಟ್ಟಿಗೆ ಅಲ್ಲ, ಬೀಗದ ಕೈ ನೀರಿನ ಗುಣದ ಹತ್ರ ಇರೋ ಪೆಟ್ಟಿಗೆ.

ಮಂಟಪ ಮುಳುಗಿದ ದಿನ

ಶಿವಮೊಗ್ಗದಲ್ಲಿ ತುಂಗೆ ತುಂಬಿದ್ದನ್ನ ಅಳೆಯೋಕೆ ಮೀಟರ್ ಬೇಕಿಲ್ಲ. ಕೋರ್ಪಳಯ್ಯ ಛತ್ರದ ಹತ್ತಿರ ಹೊಳೆಯೊಳಗೆ ಇರೋ ಮಂಟಪ ಮುಳುಗಿತಾ ಅಂತ ನೋಡಿದ್ರೆ ಸಾಕು. ಮುಳುಗಿದ್ರೆ ಇಡೀ ಊರು ಸೇತುವೆ ಮೇಲೆ, ಎಲ್ಲರ ವಾಟ್ಸಾಪ್ ಸ್ಟೇಟಸ್‌ನಲ್ಲೂ ಅದೇ ಮಂಟಪ. ನಾನೂ ಹಾಕಿದ್ದೀನಿ.

ಆ ದಿನ ತಳದಲ್ಲಿ ಏನಾಗುತ್ತೆ? ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸುತ್ತಮುತ್ತಲ ನದಿಗಳಲ್ಲಿ 40 ಜಾಗದ ಕೆಸರನ್ನ ಪರೀಕ್ಷೆ ಮಾಡಿದ ಒಂದು ಅಧ್ಯಯನ ಇದೆ. 2018ರಲ್ಲಿ ಪ್ರಕಟ ಆಯ್ತು. 2015–16ರ ಚಳಿಗಾಲದ ಪ್ರವಾಹಕ್ಕೆ ಮುಂಚೆ, ಆಮೇಲೆ ಅಂತ ಎರಡು ಸಲ ಅಳೆದ್ರು. ತಳದಲ್ಲಿದ್ದ ಮೈಕ್ರೋಪ್ಲಾಸ್ಟಿಕ್‌ನಲ್ಲಿ ಸುಮಾರು ಶೇ 70ರಷ್ಟನ್ನ ಪ್ರವಾಹ ಕೊಚ್ಚಿಕೊಂಡು ಹೋಗಿತ್ತು!

ಅವರಿಗೆ ಅಂಥ ಪ್ರವಾಹ ಅಪರೂಪ. ನಮಗೆ ಜುಲೈ ಅಂದ್ರೆ ಪ್ರವಾಹವೇ. ಡಿಸೆಂಬರ್‌ನಿಂದ ಮೇ ವರೆಗೆ ಹೊಳೆ ಸಣ್ಣಗೆ ಹರಿಯುವಾಗ ಮಡುಗಳಲ್ಲಿ, ಸೇತುವೆ ಕಂಬದ ಹಿಂದೆ, ಚರಂಡಿ ಬಾಯಲ್ಲಿ ಹೂಳು ಕೂರುತ್ತೆ. ಆಷಾಢದಲ್ಲಿ ಹೊಳೆ ಬಂದು ತಳ ಕೆದಕುತ್ತೆ. ಊರಿನವರಿಗೆ ಹೊಳೆ ತೊಳೆದ ಹಾಗೆ ಕಾಣುತ್ತೆ. "ತಾಯಿ ತುಂಗೆ ಎಲ್ಲ ತೊಳ್ಕೊಂಡು ಹೋದ್ಲು" ಅಂತೀವಿ. ಹೋಗಿದ್ದೆಲ್ಲಿಗೆ?

ಹೊಸಪೇಟೆಗೆ. ತುಂಗಭದ್ರಾ ಜಲಾಶಯ 1953ರಲ್ಲಿ ಆದಾಗ ಅದರ ಸಾಮರ್ಥ್ಯ ಸುಮಾರು 132 ಟಿಎಂಸಿ. ಈಗ ಲೆಕ್ಕದಲ್ಲಿರೋದು ಸುಮಾರು 105. ಹತ್ತಿರ ಹತ್ತಿರ 27 ಟಿಎಂಸಿ ಜಾಗ ಹೂಳಿಗೆ ಹೋಗಿದೆ. ಅದು ನಮ್ಮ ಜಿಲ್ಲೆಯೂ ಸೇರಿ ಮೇಲಿನ ಜಿಲ್ಲೆಗಳ ಮಣ್ಣು. ಹೊಲದ ಮೇಲ್ಮಣ್ಣು, ಕಾಡಿನ ಸಾರ, ಅದರ ಮಡಿಲಲ್ಲಿ ನಾವು ಬಿಟ್ಟ ಚೂರುಗಳು. 2024ರ ಆಗಸ್ಟ್‌ನಲ್ಲಿ ಆ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋದಾಗ ನೀರಿನ ಬಗ್ಗೆ ಇಡೀ ರಾಜ್ಯ ಮಾತಾಡ್ತು. ಹೂಳಿನ ಬಗ್ಗೆ ಮಾತು ಬರೋದು ವರ್ಷಕ್ಕೊಂದು ಸಲ, ಬೇಸಿಗೇಲಿ. ಆಗೆಲ್ಲ ಬರೋ ಸಲಹೆ ಒಂದೇ: ಹೂಳೆತ್ತಿ ರೈತರ ಹೊಲಕ್ಕೆ ಹಾಕಿ.

ಅಲ್ಲಿಗೆ ನಾವು ಮತ್ತೆ ಚಿಕ್ಕಪ್ಪನ ಪ್ರಶ್ನೆಗೆ ಬಂದ್ವಿ.

ಲೆಕ್ಕ ತಪ್ಪಿಸೋ ಇಂಗಾಲ

ಅದಕ್ಕೂ ಮುಂಚೆ ಒಂದು ಸಣ್ಣ ಮೋಸದ ಬಗ್ಗೆ ಹೇಳಿಬಿಡ್ತೀನಿ. ರೈತರ ಮಣ್ಣು ಆರೋಗ್ಯ ಚೀಟಿ ನೋಡಿದ್ದೀರಾ? 2015ರಿಂದ ಕೊಡ್ತಿದ್ದಾರೆ. 12 ಅಂಶ ಇರುತ್ತೆ, ಅದರಲ್ಲಿ ಒಂದು ಸಾವಯವ ಇಂಗಾಲ. ಅದು ಜಾಸ್ತಿ ಇದ್ರೆ ಮಣ್ಣು ಚೆನ್ನಾಗಿದೆ ಅಂತ ಖುಷಿ.

ಈಗ ಪಾಲಿಥೀನ್ ಅಂದ್ರೆ ಏನು? ತೂಕದಲ್ಲಿ ಶೇ 86ರಷ್ಟು ಇಂಗಾಲವೇ. ಮಣ್ಣನ್ನ ಕುಲುಮೆಯಲ್ಲಿ ಸುಟ್ಟು ಎಷ್ಟು ತೂಕ ಇಳೀತು ಅಂತ ಅಳೆಯೋ ವಿಧಾನ ಇದೆ. ಅದರಲ್ಲಿ ಪ್ಲಾಸ್ಟಿಕ್ಕೂ ಸುಟ್ಟು ಹೋಗುತ್ತೆ, ಸಾರದ ಲೆಕ್ಕಕ್ಕೆ ಸೇರುತ್ತೆ. ಜರ್ಮನಿಯ ಮಥಿಯಾಸ್ ರಿಲ್ಲಿಗ್ ಅನ್ನೋ ಮಣ್ಣು ವಿಜ್ಞಾನಿ 2018ರಲ್ಲೇ ಇದರ ಬಗ್ಗೆ ಎಚ್ಚರಿಸಿದ್ರು: ಮೈಕ್ರೋಪ್ಲಾಸ್ಟಿಕ್ ಮಣ್ಣಿನ ಇಂಗಾಲದ ವೇಷ ಹಾಕಿಕೊಳ್ಳಬಹುದು ಅಂತ. ಎಲೆಯ ಇಂಗಾಲ ಎರೆಹುಳುವಿಗೆ ಊಟ, ಬೇರಿಗೆ ಗೊಬ್ಬರ, ನೀರಿಗೆ ಸ್ಪಂಜು. ಕವರಿನ ಇಂಗಾಲ ಹಾಗಲ್ಲ. ಚೀಟಿಯಲ್ಲಿ ಎರಡೂ ಒಂದೇ ಅಂಕಿ ಆಗಿಬಿಟ್ರೆ?

ಇನ್ನೂ ಒಂದಿದೆ. ಬಿಸಿಲಿಗೆ ಹಳತಾದ ಪ್ಲಾಸ್ಟಿಕ್ಕಿನಿಂದ ನೀರಿಗೆ ಸಣ್ಣ ಸಣ್ಣ ಇಂಗಾಲದ ಅಣುಗಳು ಕರಗಿ ಇಳೀತಾವೆ. ಜೊತೆಗೆ ತಯಾರಿಸುವಾಗ ಹಾಕಿದ ರಾಸಾಯನಿಕಗಳೂ. ಹಾಗಾಗಿ ಪ್ಲಾಸ್ಟಿಕ್ ಮತ್ತು ಸಾರದ ಸಂಬಂಧ ಒಮ್ಮುಖ ಅಲ್ಲ. ಹೊಳೆ ಪ್ಲಾಸ್ಟಿಕ್‌ಗೆ ಚೊಗರು ಬಳಿಯುತ್ತೆ, ಪ್ಲಾಸ್ಟಿಕ್ ತನ್ನದೇ ಚೊಗರನ್ನ ಹೊಳೆಗೆ ಬಿಡುತ್ತೆ.

ಲ್ಯಾಬಲ್ಲಿ ಇವೆರಡನ್ನ ಬೇರೆ ಮಾಡೋದು ಹೇಗೆ? ಹೈಡ್ರೋಜನ್ ಪೆರಾಕ್ಸೈಡ್ ಹಾಕ್ತಾರೆ. ಎಲೆ, ಬೇರು, ಲೋಳೆ ಕರಗುತ್ತೆ, ಪ್ಲಾಸ್ಟಿಕ್ ಬಹುಪಾಲು ಉಳಿಯುತ್ತೆ. ಕೆಲಸ ಬೇಗ ಆಗ್ಲಿ ಅಂತ ಅದಕ್ಕೆ ಸ್ವಲ್ಪ ಕಬ್ಬಿಣದ ಲವಣ ಸೇರಿಸ್ತಾರೆ. ನೋಡಿ, ಕಬ್ಬಿಣ ಮತ್ತೆ ಬಂತು! ತಳದಲ್ಲಿ ಪ್ಲಾಸ್ಟಿಕ್ಕಿಗೂ ಸಾರಕ್ಕೂ ಗಂಟು ಹಾಕಿದ ಕಬ್ಬಿಣವೇ ಲ್ಯಾಬಲ್ಲಿ ಗಂಟು ಬಿಚ್ಚುತ್ತೆ. ಇದನ್ನ ಮನೇಲಿ ಮಾಡೋಕೆ ಹೋಗಬೇಡಿ, ಆ ಪೆರಾಕ್ಸೈಡ್ ಕೈ ಸುಡುತ್ತೆ.

ಮನೇಲಿ ಮಾಡೋಕೆ ಬೇರೆ ದಾರಿ ಇದೆ. ಅದನ್ನೇ ನಾನು ಚಿಕ್ಕಪ್ಪನಿಗೆ ಹೇಳಿದ್ದು.

ಗಾಜಿನ ಬಾಟಲಿ, ಕಲ್ಲುಪ್ಪು, ಬಿಸಿ ಸೂಜಿ

ಒಂದು ಗಾಜಿನ ಬಾಟಲಿ ತಗೊಳ್ಳಿ. ಪ್ಲಾಸ್ಟಿಕ್ ಬಾಟಲಿ ಬೇಡ, ಅದರದ್ದೇ ಚೂರು ಸೇರಿಕೊಳ್ಳುತ್ತೆ. ಒಂದು ಲೀಟರ್ ನೀರಿಗೆ ಸುಮಾರು 350 ಗ್ರಾಂ ಕಲ್ಲುಪ್ಪು ಹಾಕಿ ಕರಗಿಸಿ, ಬಿಳಿ ಹತ್ತಿ ಬಟ್ಟೆಯಲ್ಲಿ ಸೋಸಿ. ಈ ಉಪ್ಪುನೀರಿನ ಸಾಂದ್ರತೆ 1.2ರ ಹತ್ತಿರ. ಅದಕ್ಕೆ ಒಣಗಿಸಿ ಪುಡಿ ಮಾಡಿದ ಹೂಳು ಎರಡು ಹಿಡಿ ಹಾಕಿ, ಚೆನ್ನಾಗಿ ಕಲಕಿ, ಒಂದು ರಾತ್ರಿ ಬಿಡಿ. ಮಣ್ಣು ತಳಕ್ಕೆ. ಪಾಲಿಥೀನ್, ಗೊಬ್ಬರ ಚೀಲದ ಎಳೆ, ಥರ್ಮಾಕೋಲ್, ನೈಲಾನ್ ಮೇಲಕ್ಕೆ. ಎಲೆ ಚೂರು, ಬೇರು ಕೂಡ ಮೇಲೆ ಬರ್ತಾವೆ. ಅನುಮಾನ ಇದ್ದದ್ದನ್ನ ಎತ್ತಿ ತಟ್ಟೆ ಮೇಲಿಟ್ಟು ಕಾದ ಸೂಜಿ ಮುಟ್ಟಿಸಿ. ಪ್ಲಾಸ್ಟಿಕ್ ಆದ್ರೆ ಕರಗುತ್ತೆ, ಇಲ್ಲ ಸುರುಟುತ್ತೆ. ಎಲೆ ಹಾಗೆ ಮಾಡಲ್ಲ.

ಕಣ್ಣಿಗೆ ಕಾಣೋ ಚೂರು ಮಾತ್ರ ಇದರಲ್ಲಿ ಸಿಗುತ್ತೆ. ಪೆಟ್, ಪಿವಿಸಿ ತಳದಲ್ಲೇ ಉಳೀತಾವೆ. ಹಾಗಾಗಿ ಏನೂ ಸಿಗಲಿಲ್ಲ ಅಂದ್ರೆ ಹೂಳು ಶುದ್ಧ ಅಂತಲ್ಲ. ಆದ್ರೆ ಎರಡು ಹಿಡಿಯಲ್ಲೇ ಹತ್ತಾರು ಚೂರು ಸಿಕ್ಕಿದ್ರೆ ಆ ಲೋಡ್ ಬಗ್ಗೆ ಯೋಚನೆ ಮಾಡ್ಬೇಕು.

ನಾನು ಹೇಳಿದ್ದು: "ಚಿಕ್ಕಪ್ಪ, ಮೂರು ಜಾಗದ ಹೂಳು ತಗೊಳ್ಳಿ. ಒಂದು, ಊರಿನ ಚರಂಡಿ ಕೆರೆಗೆ ಬೀಳೋ ಕಡೆ. ಎರಡು, ಗುಡ್ಡದ ಹಳ್ಳ ಬಂದು ಸೇರೋ ಕಡೆ. ಮೂರು, ಜೆಸಿಬಿ ಆಳಕ್ಕೆ ತೋಡಿದ ಕಡೆ, ಕೆಳಗಿನ ಪದರ." ಯಾಕೆ ಕೆಳಗಿನ ಪದರ? ಜಗತ್ತಲ್ಲಿ ಪ್ಲಾಸ್ಟಿಕ್ ರಾಶಿ ರಾಶಿಯಾಗಿ ಬರೋಕೆ ಶುರು ಆಗಿದ್ದೇ 1950ರ ಆಮೇಲೆ. ನಮ್ಮ ಹಳ್ಳಿಗಳಿಗೆ ಇನ್ನೂ ತಡವಾಗಿ. ಹಳೇ ಕೆರೆಯ ಆಳದ ಗೋಡು ಕವರ್ ಇಲ್ಲದ ಕಾಲದ್ದು.

ವಾರ ಬಿಟ್ಟು ಫೋನ್ ಬಂತು. ಧ್ವನಿಯಲ್ಲಿ ಸ್ವಲ್ಪ ಗತ್ತು. "ಆಳದ್ದು ಚೆನ್ನಾಗಿದೆ ಕಣೋ, ಕಪ್ಪಗೆ ಬೆಣ್ಣೆ ಹಂಗೆ. ಏನೂ ತೇಲ್ಲಿಲ್ಲ. ಚರಂಡಿ ಕಡೇದು ಬೇಡ್ವೇ ಬೇಡ, ಕವರ್, ದಾರ, ಥರ್ಮಾಕೋಲು, ಎಲ್ಲ ಅದೆ."

"ಗುಡ್ಡದ ಕಡೇದು?" ಅಂದೆ. ಅದು ಎಲ್ಲಕ್ಕಿಂತ ಶುದ್ಧ ಇರುತ್ತೆ ಅಂತ ನನ್ನ ಲೆಕ್ಕ.

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ: "ಅದ್ರಲ್ಲಿ ನೀಲಿ ಎಳೆ ಬಂತು ಮಾರಾಯ. ಸುಮಾರು ಬಂತು. ನೋಡಿದ್ರೆ ಗೊತ್ತಾಯ್ತು. ನಮ್ಮ ಅಡಿಕೆ ಒಣಗ್ಸೋ ಟಾರ್ಪಾಲೇ ಅದು."

ಗುಡ್ಡದ ಹಳ್ಳ ಬರೋದು ಅವರ ತೋಟದ ಪಕ್ಕದಲ್ಲೇ. ಹರಿದ ಟಾರ್ಪಾಲನ್ನ ಬೇಲಿಗೆ ಹಾಕಿದ್ರಂತೆ, ಮೂರು ವರ್ಷದಿಂದ ಬಿಸಿಲಿಗೆ ಪುಡಿ ಆಗ್ತಾ ಇತ್ತು. ಕೊಳೆ ರೋಗಕ್ಕೆ ಕೊನೆಗಳಿಗೆ ಕಟ್ಟಿದ ಪ್ಲಾಸ್ಟಿಕ್ ಕೊಟ್ಟೆಗಳದ್ದೂ ಅದೇ ಕಥೆ. ಮುಂಚೆ ಕರಡದ ಕೊಟ್ಟೆ ಕಟ್ತಿದ್ರು, ಉದುರಿದ್ರೆ ಅದೂ ಗೊಬ್ಬರವೇ. ಈಗಿನದು ಉದುರಿದ್ರೆ ಹಳ್ಳ, ಹಳ್ಳದಿಂದ ಕೆರೆ, ಕೆರೆಯಿಂದ ಟ್ರ್ಯಾಕ್ಟರ್ ಹತ್ತಿ ಮತ್ತೆ ತೋಟ.

ಹಾಗಾದ್ರೆ ಏನ್ ಮಾಡೋದು?

ಚಿಕ್ಕಪ್ಪನಿಗೆ ನಾನು ಕೊಟ್ಟ ಉತ್ತರ ಇದು. ಗೋಡು ಹೊಡೆಸಿ, ಆದ್ರೆ ಕಣ್ಣು ಮುಚ್ಕೊಂಡು ಅಲ್ಲ. ಹೂಳಿನ ಬೆಲೆ ಅದರ ಸಾರದಲ್ಲಿದೆ, ಆ ಬೆಲೆ ಇವತ್ತಿಗೂ ಕಮ್ಮಿ ಆಗಿಲ್ಲ. ಆದ್ರೆ ಸಾರ ಎಲ್ಲಿದೆಯೋ ಅಲ್ಲೇ ಪ್ಲಾಸ್ಟಿಕ್ ಬಂದು ಕೂರುತ್ತೆ, ಯಾಕಂದ್ರೆ ಕೂರಿಸೋದೇ ಸಾರ. ಮೇಲಿನ ಒಂದು ಪದರ ಮತ್ತು ಚರಂಡಿ ಬಾಯಿನ ಹೂಳನ್ನ ಬೇರೆ ಹಾಕ್ಸಿ, ತೋಟಕ್ಕೆ ಬೇಡ. ಆಳದ್ದು ತಗೊಳ್ಳಿ. ಲೋಡ್ ಇಳಿಸೋ ಮುಂಚೆ ಒಂದು ಬಾಟಲಿ ಪರೀಕ್ಷೆ ಮಾಡಿ. ಒಂದು ಸಲ ತೋಟಕ್ಕೆ ಹರಡಿದ ಮೇಲೆ ಆ ಚೂರು ಹೆಕ್ಕಿ ತೆಗೆಯೋಕೆ ಯಾವ ಯಂತ್ರವೂ ಬರಲ್ಲ.

ಇನ್ನು ಊರಿಗೆ. ಶಿವಮೊಗ್ಗ, ಭದ್ರಾವತಿ ಎರಡೂ ಕಡೆ ಹೊಳೆ ಸ್ವಚ್ಛತೆ ಅಂದ್ರೆ ಹೆಚ್ಚಾಗಿ ದಡದ ಕಸ ಎತ್ತೋದು. 2024ರ ನವೆಂಬರ್‌ನಲ್ಲಿ ಶೃಂಗೇರಿಯಿಂದ ಕಿಷ್ಕಿಂಧೆವರೆಗೆ ನಿರ್ಮಲ ತುಂಗಭದ್ರಾ ಅಂತ ಪಾದಯಾತ್ರೆ ಶುರುವಾಯ್ತು, ನಿಮ್ಮಲ್ಲಿ ಕೆಲವರು ಹೆಜ್ಜೆ ಹಾಕಿರ್ಬಹುದು. ಒಳ್ಳೇ ಕೆಲಸ. ಅದಕ್ಕೆ ಒಂದು ಕ್ಯಾಲೆಂಡರ್ ಸೇರಿಸೋಣ ಅಂತ ನನ್ನ ಮಾತು. ಕಸ ಎತ್ತೋಕೆ ಸರಿಯಾದ ಕಾಲ ಏಪ್ರಿಲ್, ಮೇ. ಮುಂಗಾರಿಗೆ ಮುಂಚೆ, ಬಿಸಿಲಿಗೆ ಕವರ್ ಪುಡಿ ಆಗೋ ಮುಂಚೆ, ಮಂಟಪ ಮುಳುಗೋ ಮುಂಚೆ. ಹೊಳೆ ಬಂದ ಮೇಲೆ ಎತ್ತೋಕೆ ಏನೂ ಉಳಿದಿರಲ್ಲ, ಎಲ್ಲ ಹೊಸಪೇಟೆ ದಾರಿ ಹಿಡಿದಿರುತ್ತೆ.

ಪ್ಲಾಸ್ಟಿಕ್ ಕೈಚೀಲಕ್ಕೆ ಕರ್ನಾಟಕದಲ್ಲಿ 2016ರಿಂದಲೇ ನಿಷೇಧ ಇದೆ. 2022ರ ಜುಲೈ 1ರಿಂದ ದೇಶಕ್ಕೇ ಕೆಲವು ಒಂದೇ ಸಲ ಬಳಸೋ ವಸ್ತುಗಳ ಮೇಲೆ ನಿಷೇಧ ಬಂತು. ಟಾರ್ಪಾಲು, ಗೊಬ್ಬರದ ಚೀಲ, ಕೊಟ್ಟೆ, ಡ್ರಿಪ್ ಪೈಪು ಆ ಪಟ್ಟಿಯಲ್ಲಿಲ್ಲ. ಅವನ್ನ ನಿಷೇಧ ಮಾಡಿ ಅಂತ ನಾನೂ ಹೇಳಲ್ಲ, ತೋಟ ನಡೀಬೇಕಲ್ಲ. ಹಳೇದಾದ ಮೇಲೆ ವಾಪಸ್ ತಗೊಳ್ಳೋ ಒಂದು ಜಾಗ ಬೇಕು. ಅಡಿಕೆ ಮಾರೋ ಸೊಸೈಟಿಗಳು, ಗ್ರಾಮ ಪಂಚಾಯಿತಿಗಳು ಮನಸ್ಸು ಮಾಡಿದ್ರೆ ಕಷ್ಟ ಅಲ್ಲ.

ಶಂಕರಘಟ್ಟದಲ್ಲಿ, ಇರುವಕ್ಕಿಯಲ್ಲಿ ಓದ್ತಿರೋ ಹುಡುಗ ಹುಡುಗಿಯರೇ, ಪ್ರಾಜೆಕ್ಟ್‌ಗೆ ವಿಷಯ ಹುಡುಕ್ತಾ ಇದ್ದೀರಾ? ಗಾಜನೂರು, ಶಿವಮೊಗ್ಗದ ಸೇತುವೆ, ಭದ್ರಾವತಿ, ಕೂಡಲಿ. ನಾಲ್ಕು ಜಾಗ, ಮೇ ತಿಂಗಳಲ್ಲಿ ಒಂದು ಸಲ, ಅಕ್ಟೋಬರ್‌ನಲ್ಲಿ ಒಂದು ಸಲ. ಕೆಸರಿನ ಸಾರವನ್ನೂ ಪ್ಲಾಸ್ಟಿಕ್ಕನ್ನೂ ಒಟ್ಟಿಗೆ ಅಳೆಯಿರಿ, ಬೇರೆ ಬೇರೆ ಬರೆಯಿರಿ. ನಿಮ್ಮ ಊರಿನ ಹೊಳೆ ಬಗ್ಗೆ ನೀವೇ ಲೆಕ್ಕ ಇಟ್ಟ ಹಾಗಾಗುತ್ತೆ.

ಚಿಕ್ಕಪ್ಪ ಆಳದ ಗೋಡು ಆರು ಲೋಡ್ ಹೊಡೆಸಿದ್ರು. ಬೇಲಿಯ ಟಾರ್ಪಾಲು ಬಿಚ್ಚಿದ್ರಂತೆ. "ಅದನ್ನ ಎಲ್ಲಿಗೆ ಕೊಡ್ಲಿ ಈಗ?" ಅಂತ ಮತ್ತೆ ನನಗೇ ಫೋನ್. ಸದ್ಯಕ್ಕೆ ಮಡಚಿ ಅಟ್ಟದ ಮೇಲೆ ಇಟ್ಟಿದ್ದಾರೆ. ನಿಮ್ಮ ಊರಲ್ಲಿ ಹಳೇ ಟಾರ್ಪಾಲು, ಕೊಟ್ಟೆ ವಾಪಸ್ ತಗೊಳ್ಳೋ ವ್ಯವಸ್ಥೆ ಇದ್ರೆ ನಮಗೆ ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಓದ್ತೀನಿ, ಚಿಕ್ಕಪ್ಪನಿಗೂ ಹೇಳ್ತೀನಿ.